ಹಾಡಿಯ ರೇಷನ್ ಕಾರ್ಡ್ ರದ್ದು ಮಾಡಿಸಿ ಮೈಸೂರಿನಲ್ಲಿ ಹೊಸದು ಮಾಡಿಸಬೇಕಾ?

ಬೇಡ. ದಯವಿಟ್ಟು ಬೇಡ. ಜೇನು ಕುರುಬರು, ಎಚ್.ಡಿ. ಕೋಟೆ ಕಡೆಯ ಹಾಡಿ (ಕಾಡಂಚಿನ ಆದಿವಾಸಿ ಊರು), ಗಂಡ-ಹೆಂಡತಿ ಇಬ್ಬರೂ ಮೈಸೂರಿನಲ್ಲಿ ಗಾರೆ ಕೆಲಸ, ಇಬ್ಬರು ಮಕ್ಕಳು, ತಿಂಗಳ ಕೊನೆಯ ವಾರ ಒಲೆ ಹಚ್ಚುವುದೇ ಕಷ್ಟ ಅಂತ ಬರೆದಿದ್ದೀರಿ. ನಾನೂ ಅದೇ ಕಾಡಂಚಿನಿಂದ ಪೇಟೆಗೆ ಬಂದವನು, ಆ ಕೊನೆಯ ವಾರ ಏನೆಂದು ಗೊತ್ತು. ಹಾಡಿಗಳಿಂದ ಬಂದ ಎಷ್ಟೋ ಮನೆಗಳು ಎಡವುವುದು ನೀವು ಈಗ ನಿಂತಿರುವ ಜಾಗದಲ್ಲೇ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

"ಅಲ್ಲಿಯ ಕಾರ್ಡ್ ಇಲ್ಲಿ ನಡೆಯಲ್ಲ, ಅಲ್ಲಿಂದ ಹೆಸರು ತೆಗೆಸ್ಕೊಂಡು ಬಾ" ಎಂದು ಯಾರೋ ಹೇಳುತ್ತಾರೆ. ಹೆಸರು ತೆಗೆಸುವುದು ಒಂದೇ ದಿನದ ಕೆಲಸ. ಸೇರಿಸುವುದು ಹಾಗಲ್ಲ. ಹೊಸ ಕಾರ್ಡಿನ ಅರ್ಜಿಗೆ ಪೋರ್ಟಲ್ ಯಾವಾಗಲೂ ತೆರೆದಿರುವುದಿಲ್ಲ. ತೆರೆದಾಗ ಸರ್ವರ್ ಸಿಗುವುದಿಲ್ಲ, ಸಿಕ್ಕರೂ ಅರ್ಜಿ ಪರಿಶೀಲನೆಯಲ್ಲಿ ಕೂತುಬಿಡುತ್ತದೆ. ಅಷ್ಟೂ ದಿನ ಎರಡೂ ಕಡೆ ನಿಮ್ಮ ಹೆಸರಿರುವುದಿಲ್ಲ. ಇಲ್ಲಿ ನೀವಿರುವ ಶೆಡ್ಡಿನ ವಿಳಾಸಕ್ಕೆ ದಾಖಲೆ ಕೇಳಿದರೆ ಎಲ್ಲಿಂದ ತರುತ್ತೀರಿ? ಬಾಡಿಗೆ ಕರಾರಿಲ್ಲ, ಕರೆಂಟ್ ಬಿಲ್ ಮೇಸ್ತ್ರಿ ಹೆಸರಲ್ಲಿರುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ನಿಮ್ಮ ಕಾರ್ಡ್ ತೆಗೆದು ನೋಡಿ, ಅದರ ಮೇಲೆ "ಅಂತ್ಯೋದಯ" ಎಂದಿದೆಯಾ? ಅಂತ್ಯೋದಯಕ್ಕೆ ಕಾರ್ಡಿಗೆ ತಿಂಗಳಿಗೆ 35 ಕೆಜಿ ಧಾನ್ಯ, ಮನೆಯಲ್ಲಿ ಎಷ್ಟೇ ಜನ ಇರಲಿ. ಆದ್ಯತಾ ಕುಟುಂಬದ ಕಾರ್ಡಿಗೆ, ಅಂದರೆ ಜನ ಬಿಪಿಎಲ್ ಅನ್ನುವ ಕಾರ್ಡಿಗೆ, ತಲೆಗೆ 5 ಕೆಜಿ. ನಿಮ್ಮದು ನಾಲ್ಕು ಜನ. 35 ಬಿಟ್ಟುಕೊಟ್ಟು 20ಕ್ಕೆ ಅರ್ಜಿ ಹಾಕಿದ ಹಾಗೆ. ಅಂತ್ಯೋದಯ ಕಾರ್ಡುಗಳ ಸಂಖ್ಯೆಗೆ ಮಿತಿಯಿರುವುದರಿಂದ ಒಮ್ಮೆ ಕೈಬಿಟ್ಟದ್ದು ಮತ್ತೆ ಅಂತ್ಯೋದಯವಾಗಿ ಬರುವುದು ಬಹಳ ಕಷ್ಟ. ಅನ್ನಭಾಗ್ಯದಲ್ಲಿ ರಾಜ್ಯ ಸೇರಿಸಿ ಕೊಡುವ ಪಾಲು ಈ ಲೆಕ್ಕದಲ್ಲಿಲ್ಲ. ಅದು ಬದಲಾಗುತ್ತಲೇ ಇರುತ್ತದೆ: 2023ರ ಜುಲೈನಿಂದ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಟ್ಟರು, 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಟ್ಟರು. ಕಾನೂನಿನಲ್ಲಿ ಗಟ್ಟಿಯಾಗಿರುವ ಭಾಗದ ಮೇಲೆ ಲೆಕ್ಕ ಹಾಕಿಕೊಳ್ಳಿ.

ಕಾರ್ಡ್ ಅಂತ್ಯೋದಯದ್ದಲ್ಲ, ಬಿಪಿಎಲ್ ಅಂತಿದ್ದರೆ ಅದನ್ನು ಬದಲಾಯಿಸಿ ಕೊಡಿ ಎಂದು ಅರ್ಜಿ ಹಾಕಿ. ಕರ್ನಾಟಕದಲ್ಲಿ ಜೇನು ಕುರುಬರು ಮತ್ತು ಕೊರಗರು ವಿಶೇಷವಾಗಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ಆಹಾರ ಹಕ್ಕಿನ ಪ್ರಕರಣದಲ್ಲಿ, ಅಂದರೆ 2001ರ ರಿಟ್ ಅರ್ಜಿ 196ರಲ್ಲಿ, ಇಂಥ ಬುಡಕಟ್ಟು ಕುಟುಂಬಗಳಿಗೆ ಅಂತ್ಯೋದಯ ಕಾರ್ಡ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2003ರ ಮೇ 2ರಂದು ಆದೇಶಿಸಿದೆ. ಅರ್ಜಿಯಲ್ಲಿ ಈ ಸಂಖ್ಯೆ, ಈ ದಿನಾಂಕ ಎರಡನ್ನೂ ಬರೆಯಿರಿ. ಜಾತಿ ಪ್ರಮಾಣಪತ್ರದ ನಕಲು ಲಗತ್ತಿಸಿ. ನಿಮ್ಮ ತಾಲ್ಲೂಕಿನ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದ್ದಕ್ಕೆ ಲೆಕ್ಕವಿಲ್ಲ.

ಈಗ ಮೈಸೂರಿನಲ್ಲಿ ಅಕ್ಕಿ ತರುವ ವಿಷಯ. ಹಾಡಿಯ ಕಾರ್ಡಿನಲ್ಲೇ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ತೆಗೆದುಕೊಳ್ಳಬಹುದು. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ ಕರ್ನಾಟಕ 2020ರ ಆರಂಭದಲ್ಲೇ ಸೇರಿದೆ. ಹಾಗಾಗಿ ನಿಮ್ಮ ಸೈಟಿನಲ್ಲಿರುವ ಜಾರ್ಖಂಡ್, ಒಡಿಶಾದ ಆದಿವಾಸಿಗಳೂ ತಮ್ಮ ಊರಿನ ಕಾರ್ಡಿನಲ್ಲಿ ಇಲ್ಲಿ ಕೇಂದ್ರದ ಪಾಲು ಪಡೆಯಬಹುದು. ಅವರ ಬುಡಕಟ್ಟು ಇಲ್ಲಿನ ಎಸ್‌ಟಿ ಪಟ್ಟಿಯಲ್ಲಿ ಇಲ್ಲದಿದ್ದರೂ ರೇಷನ್‌ಗೆ ಅದು ಅಡ್ಡಿಯಲ್ಲ. ಅವರಿಗೂ ಹೇಳಿ.

ಶೆಡ್ಡಿಗೆ ಹತ್ತಿರದ ಒಂದು ಸೊಸೈಟಿ ಗೊತ್ತು ಮಾಡಿಕೊಂಡು ಪ್ರತಿ ತಿಂಗಳು ಅಲ್ಲಿಗೇ ಹೋಗಿ. ಅಂಗಡಿಗೆ ದಾಸ್ತಾನು ಬರುವುದು ಹಿಂದೆ ಎಷ್ಟು ಖರ್ಚಾಗಿದೆ ಎಂಬುದನ್ನು ನೋಡಿಕೊಂಡು. ಒಂದೊಂದು ತಿಂಗಳು ಒಂದೊಂದು ಕಡೆ ಹೋದರೆ ಎಲ್ಲ ಕಡೆಯೂ "ಹೊರಗಿನ ಕಾರ್ಡಿಗೆ ಸ್ಟಾಕ್ ಇಲ್ಲ" ಅನ್ನಿಸಿಕೊಳ್ಳುತ್ತೀರಿ. ವಿತರಣೆ ಶುರುವಾದ ಮೊದಲ ಎರಡು ಮೂರು ದಿನದೊಳಗೆ ಹೋಗಿ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಸಾಕು, ಕಾರ್ಡಿನಲ್ಲಿರುವ ಯಾರಾದರೂ ಒಬ್ಬರ ಬೆರಳು ಸಾಕು. ಮೊದಲು ತೂಕ, ಆಮೇಲೆ ಬೆರಳು. "ಇವತ್ತು ಬೆರಳು ಕೊಟ್ಟು ಹೋಗಿ, ನಾಳೆ ಅಕ್ಕಿ ಕೊಡ್ತೀನಿ" ಅಂದರೆ ಒಪ್ಪಲೇಬೇಡಿ. ಬೆರಳು ಬಿದ್ದ ಕ್ಷಣ ಕಂಪ್ಯೂಟರಿನಲ್ಲಿ ಅಕ್ಕಿ ನಿಮ್ಮ ಮನೆ ಸೇರಿಬಿಟ್ಟಿರುತ್ತದೆ, ಆಮೇಲೆ ಇಲ್ಲವೆಂದು ಸಾಧಿಸುವುದು ಆಗುವುದಿಲ್ಲ. ಚೀಟಿ ಕೇಳಿ ಪಡೆದುಕೊಳ್ಳಿ.

ಗಾರೆ ಕೆಲಸದವರ ಬೆರಳು ಮಿಷನ್ ತೆಗೆದುಕೊಳ್ಳುವುದಿಲ್ಲ, ಸಿಮೆಂಟು ರೇಖೆಯನ್ನೇ ತಿಂದಿರುತ್ತದೆ. ಹೋಗುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಬಿಸಿನೀರಲ್ಲಿ ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ಹೆಬ್ಬೆರಳು, ತೋರುಬೆರಳು ಹಿಡಿಯದಿದ್ದರೆ ಉಂಗುರದ ಬೆರಳು ಇಟ್ಟು ನೋಡಿ, ಅದು ಕಡಿಮೆ ಸವೆದಿರುತ್ತದೆ. ಆಗಲೂ ಆಗದಿದ್ದರೆ ಒಟಿಪಿ ಕೇಳಿ. ಆದರೆ ಅದಕ್ಕೆ ನೀವು ಈಗ ಬಳಸುವ ಮೊಬೈಲ್ ನಂಬರೇ ಆಧಾರ್‌ಗೆ ಜೋಡಣೆಯಾಗಿರಬೇಕು. ಸಿಮ್ ಬದಲಾಯಿಸುತ್ತಾ ಇರುವವರು ಸಿಕ್ಕಿಬೀಳುವುದು ಇಲ್ಲೇ. ಐದು ಮತ್ತು ಹದಿನೈದು ವರ್ಷ ದಾಟಿದ ಮಕ್ಕಳ ಆಧಾರ್‌ಗೆ ಬೆರಳಚ್ಚು ಹೊಸದಾಗಿ ಕೊಡಿಸಿ, ಇಲ್ಲದಿದ್ದರೆ ಅವರ ಇ-ಕೆವೈಸಿ, ಅಂದರೆ ಕಾರ್ಡಿನಲ್ಲಿರುವವರ ಗುರುತನ್ನು ಆಧಾರ್ ಮೂಲಕ ಖಚಿತಪಡಿಸುವ ಕೆಲಸ, ನಿಲ್ಲುತ್ತದೆ. ನಾಲ್ಕೂ ಜನರ ಇ-ಕೆವೈಸಿ ಮೈಸೂರಿನ ಸೊಸೈಟಿಯಲ್ಲೇ ಮುಗಿಸಬಹುದು, ಇದಕ್ಕೆಂದು ಹಾಡಿಗೆ ಹೋಗಬೇಕಿಲ್ಲ.

ಮತ್ತೊಂದು ಎಚ್ಚರ. ಸತತ ಆರು ತಿಂಗಳು ರೇಷನ್ ತೆಗೆಯದ ಕಾರ್ಡನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆಂದು ಕೇಂದ್ರ 2025ರಲ್ಲಿ ನಿಯಮ ತಿದ್ದಿದೆ. ಪೇಟೆಗೆ ಬಂದವರು "ಊರಿಗೆ ಹೋದಾಗ ನೋಡೋಣ" ಎಂದು ಬಿಡುತ್ತಾರೆ, ಹೋದಾಗ ಕಾರ್ಡ್ ಸತ್ತಿರುತ್ತದೆ. ನಿಮ್ಮ ಕಾರ್ಡ್ ಜೀವಂತ ಇದೆಯಾ ಎಂದು ಈ ವಾರವೇ ಸೊಸೈಟಿಯಲ್ಲಿ ಕೇಳಿ, ಅಥವಾ 1967ಕ್ಕೆ ಫೋನ್ ಮಾಡಿ. ಬೇರೆ ರಾಜ್ಯದ ಕಾರ್ಡಿನವರಿಗೆ 14445.

"ಕಿಟ್ ಕೊಡುವ ಸಂಸ್ಥೆ ಯಾವುದಾದರೂ ಇದ್ದರೆ ಹೇಳಿ" ಅಂತಲೂ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಹೆಸರಲ್ಲಿ ಬರಬೇಕಾದದ್ದು ಹಾಡಿಯಲ್ಲೇ ಉಳಿಯುತ್ತಿರುವಾಗ ಬೇರೆಯವರ ಮುಂದೆ ಯಾಕೆ ನಿಲ್ಲಬೇಕು? ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆ ಜೇನು ಕುರುಬ, ಸೋಲಿಗ, ಯರವ, ಕೊರಗ ಮೊದಲಾದ ಕುಟುಂಬಗಳಿಗೆ ಬೇಳೆ, ಕಾಳು, ಎಣ್ಣೆ, ಬೆಲ್ಲ, ಮೊಟ್ಟೆ ಇರುವ ಪೌಷ್ಟಿಕ ಆಹಾರ ಕೊಡುತ್ತದೆ. ಅದು ಹಾಡಿಯ ಪಟ್ಟಿ ಹಿಡಿದು ಹಂಚುವಂಥದ್ದು. ಹೆಸರು ತೆಗೆಸಿದರೆ ಇದಕ್ಕೂ ಕತ್ತರಿ ಬೀಳಬಹುದು. ಹಂಚುವ ದಿನ ಯಾವುದೆಂದು ಹಾಡಿಯಲ್ಲಿರುವ ನೆಂಟರ ಹತ್ತಿರ ಮೊದಲೇ ಫೋನಿನಲ್ಲಿ ತಿಳಿದುಕೊಂಡು, ಇಬ್ಬರಲ್ಲಿ ಒಬ್ಬರು ಹೋಗಿ ಬನ್ನಿ. ಒಂದು ದಿನದ ಕೂಲಿ ಹೋದರೂ ನಷ್ಟವಿಲ್ಲ, ಯಾಕೆಂದರೆ ತಿಂಗಳ ಕೊನೆಗೆ ಮೊದಲು ಖಾಲಿಯಾಗುವುದು ಅಕ್ಕಿಯಲ್ಲ, ಬೇಳೆ ಮತ್ತು ಎಣ್ಣೆ.

ಚಿಕ್ಕ ಮಗುವನ್ನು ಅಂಗನವಾಡಿಗೆ ಸೇರಿಸಿ, ಅದಕ್ಕೆ ರೇಷನ್ ಕಾರ್ಡ್ ಬೇಕಾಗಿಲ್ಲ. ಶೆಡ್ಡುಗಳು ಅಂಗನವಾಡಿಯ ಸರ್ವೆಯಲ್ಲಿ ಬಿಟ್ಟುಹೋಗಿರುತ್ತವೆ. ಟೀಚರ್ ಹತ್ತಿರ ಹೋಗಿ "ನಮ್ಮನ್ನೂ ಸರ್ವೆಯಲ್ಲಿ ಬರೆದುಕೊಳ್ಳಿ" ಎಂದು ನೀವೇ ಕೇಳಬೇಕು. ಹಾಡಿಯ ಅಂಗನವಾಡಿಯಲ್ಲಿ ಮಗುವಿನ ಹೆಸರಿದ್ದರೆ ಅಂಗನವಾಡಿಯವರ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಇಲ್ಲಿಗೆ ವರ್ಗಾಯಿಸಬಹುದು. ಮೂರು ವರ್ಷದೊಳಗಿನ ಮಗುವಿಗೆ ಮನೆಗೆ ಒಯ್ಯುವ ಆಹಾರ, ಮೂರರಿಂದ ಆರರವರೆಗೆ ಅಲ್ಲೇ ಊಟ. ದೊಡ್ಡವನಿಗೆ ಸರ್ಕಾರಿ ಶಾಲೆಯ ಬಿಸಿಯೂಟ. ಕೆಲಸ ಸಿಗದ ದಿನ ಇಂದಿರಾ ಕ್ಯಾಂಟೀನ್‌ಗೆ ಹೋಗಿ: ತಿಂಡಿ 5 ರೂಪಾಯಿ, ಊಟ 10.

ಹಾಡಿಯಲ್ಲಿ ಕಿತ್ತು ತಿನ್ನುತ್ತಿದ್ದ ಅಣ್ಣೆಸೊಪ್ಪು, ಹೊನಗೊನ್ನೆ ಇಲ್ಲೂ ಖಾಲಿ ಸೈಟುಗಳಲ್ಲಿ ಕಾಣುತ್ತದೆ. ಮೋರಿ ಪಕ್ಕದ್ದು, ಸಿಮೆಂಟು ತೊಳೆದ ನೀರು ಹರಿಯುವ ಜಾಗದ್ದು ಮುಟ್ಟಬೇಡಿ. ಅಕ್ಕಿ ಮೂಟೆಯನ್ನು ನೆಲಕ್ಕೆ ಇಡಬೇಡಿ, ತಗಡಿನ ಶೆಡ್ಡಿನಲ್ಲಿ ಮಳೆಗಾಲಕ್ಕೆ ಹತ್ತೇ ದಿನದಲ್ಲಿ ಮುಗ್ಗಲು ಹಿಡಿಯುತ್ತದೆ. ಎರಡು ಇಟ್ಟಿಗೆ ಮೇಲೆ ಹಲಗೆ ಹಾಕಿ, ಮುಚ್ಚಳವಿರುವ ಡ್ರಮ್ಮಿನಲ್ಲಿ ಇಡಿ. ಸೌದೆಗೆ ದುಡ್ಡು ಸುರಿಯುತ್ತಿದ್ದರೆ 5 ಕೆಜಿಯ ಸಣ್ಣ ಸಿಲಿಂಡರ್ ತೆಗೆದುಕೊಳ್ಳಿ, ಅದಕ್ಕೆ ಗುರುತಿನ ಚೀಟಿ ಸಾಕು, ವಿಳಾಸದ ದಾಖಲೆ ಕೇಳುವುದಿಲ್ಲ. ಮನೆಯಲ್ಲಿ ಯಾರ ಹೆಸರಲ್ಲೂ ಗ್ಯಾಸ್ ಇಲ್ಲದಿದ್ದರೆ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಕೇಂದ್ರದ ಉಜ್ವಲಾ ಯೋಜನೆಯಲ್ಲಿ ವಲಸೆ ಬಂದವರು ಸ್ವಯಂಘೋಷಣೆ ಬರೆದುಕೊಟ್ಟೇ ಅರ್ಜಿ ಹಾಕಬಹುದು.

ಇಷ್ಟರಲ್ಲಿ ಹೆಸರು ತೆಗೆಯಲು ಅರ್ಜಿ ಕೊಟ್ಟಾಗಿದ್ದರೆ, ನಾಳೆಯೇ ತಾಲ್ಲೂಕು ಆಹಾರ ಶಾಖೆಗೆ ಹೋಗಿ ಅದನ್ನು ಹಿಂಪಡೆಯುತ್ತೇವೆಂದು ಬರೆದುಕೊಡಿ. ಹೆಸರು ಹೋಗಿಬಿಟ್ಟಿದ್ದರೆ ಹೊಸ ಕಾರ್ಡಿಗೆ ಹಾಕಬೇಡಿ, ಹಳೆಯ ಕಾರ್ಡಿಗೇ ಸದಸ್ಯರ ಸೇರ್ಪಡೆಗೆ ಅರ್ಜಿ ಹಾಕಿ. ಅವರು ತೆಗೆದುಕೊಳ್ಳದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಅವರಿಗೇ ಕಳಿಸಿ, ರಶೀದಿಯ ನಕಲಿನೊಂದಿಗೆ ಒಂದು ಪ್ರತಿ ರಾಜ್ಯ ಆಹಾರ ಆಯೋಗಕ್ಕೆ ಹಾಕಿ.