ಬೈಪೋಲಾರ್ (ಮನಸ್ಸು ಕೆಲಕಾಲ ವಿಪರೀತ ಉಬ್ಬರದಲ್ಲಿ, ಕೆಲಕಾಲ ತೀರಾ ಮಂಕಾಗಿ ಇರುವ ಕಾಯಿಲೆ) ಇದೆಯೇ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ?

ಇಲ್ಲ. ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಥೈರಾಯ್ಡ್ ಪರೀಕ್ಷೆ ಬರೆದುಕೊಡುತ್ತಾರಲ್ಲ, ಅದು ಇದೇ ಥರ ಕಾಣುವ ಬೇರೆ ತೊಂದರೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು.

ಮನೋವೈದ್ಯರು ಮುಖ್ಯವಾಗಿ ನಂಬುವುದು ಮಾತುಕತೆಯನ್ನು. ಅನೇಕರು ಡಾಕ್ಟರ ಬಳಿ ಬರುವುದು ಮಂಕು ಕವಿದಾಗ. ಉಬ್ಬರದ ದಿನಗಳು ಅವರಿಗೆ ಕಾಯಿಲೆ ಅನ್ನಿಸಿರುವುದೇ ಇಲ್ಲ. ಅದಕ್ಕೇ ಹಳೆಯದನ್ನು ಕೆದಕುತ್ತಾರೆ: ಮೂರೇ ಗಂಟೆ ಮಲಗಿ ದಣಿವಿಲ್ಲದೆ ಓಡಾಡಿದ್ದುಂಟೇ? ತಡೆಯಿಲ್ಲದ ಮಾತು, ಕೈಮೀರಿದ ಖರ್ಚು? ಇಂಥವು ಕನಿಷ್ಠ ಒಂದು ವಾರ ಬಿಡದೆ ಕಾಡಿದರೆ, ಅಥವಾ ಆಸ್ಪತ್ರೆಗೆ ಸೇರಿಸುವಷ್ಟು ಜೋರಾದರೆ, ಮೇನಿಯಾ. ಸ್ವಲ್ಪ ಸೌಮ್ಯವಾಗಿ 4 ದಿನವಾದರೂ ಇದ್ದರೆ ಹೈಪೋಮೇನಿಯಾ. ಬೆಳಿಗ್ಗೆ ಖುಷಿ, ಸಂಜೆ ಸಿಡುಕು ಅಂದಮಾತ್ರಕ್ಕೆ ಬೈಪೋಲಾರ್ ಆಗುವುದಿಲ್ಲ. ಆನ್‌ಲೈನ್ ಪ್ರಶ್ನಾವಳಿಯ ಅಂಕ ನೋಡಿ ಹೆದರಬೇಡಿ.

ಜೊತೆಗೆ ಮನೆಯವರೊಬ್ಬರನ್ನು ಕರೆದೊಯ್ಯಿರಿ. ನಮಗೆ ‘ಚೆನ್ನಾಗಿದ್ದೆ’ ಅನ್ನಿಸಿದ ತಿಂಗಳನ್ನು ಅವರು ಬೇರೆಯೇ ಥರ ನೆನಪಿಟ್ಟಿರುತ್ತಾರೆ! ಇದು ಸಣ್ಣ ವಿಷಯವಲ್ಲ: ಉಬ್ಬರದ ಕಥೆ ಮುಚ್ಚಿಟ್ಟು ಬರೀ ಖಿನ್ನತೆಯ ಮಾತ್ರೆ ನುಂಗಿದರೆ ಕೆಲವರಲ್ಲಿ ಮೇನಿಯಾ ಕೆರಳುತ್ತದೆ.

ಇನ್ನು ನಿಮ್ಮ ಕೈಯಲ್ಲಿರುವುದು. ಒಂದು ನೋಟ್‌ಬುಕ್ ಇಡಿ. ‘ಮಂಗಳವಾರ, ನಿದ್ದೆ 4 ಗಂಟೆ, ಹುರುಪು 8/10’ ಅಷ್ಟು ಬರೆದರೆ ಸಾಕು. ನಿದ್ದೆ ಕಡಿಮೆಯಾಗುವುದು ಎಷ್ಟೋ ಸಲ ಮೊದಲ ಸುಳಿವು. ಮಲಗುವ ಹೊತ್ತು ತಪ್ಪಿಸಬೇಡಿ, ಮದ್ಯ ಬೇಡ, ಆರಾಮಾಯಿತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಈ ಏರಿಳಿತ ಹತೋಟಿಗೆ ತರುವ ಲಿಥಿಯಂ ಮಾತ್ರೆ ಶುರುವಾದರೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ.

ಸಾಯುವ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.