ವಾಹನ ಸಲಹೆ: ಹಾಯಿ, ಬೋರ್ಡು ಮತ್ತು ಹಳೆಯ ವ್ಯಾನು

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಎರಡು ವರ್ಷಗಳಿಂದ ಬಿಡುವಾದಾಗಲೆಲ್ಲ ಗೋವೆಗೆ ಹೋಗಿ ವಿಂಡ್‌ಸರ್ಫಿಂಗ್ (ಹಾಯಿ ಕೂಡಿಸಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ) ಕಲಿತಿದ್ದು, ಈಗ ಹಳೆಯ ಸಾಮಾನುಗಳ ಒಂದು ಜೊತೆಯನ್ನು ಸ್ವಂತಕ್ಕೆ ಕೊಂಡಿದ್ದೇನೆ. 245 ಸೆಂ.ಮೀ. ಉದ್ದದ ಬೋರ್ಡು, ಎರಡು ತುಂಡುಗಳಲ್ಲಿ ಬಿಚ್ಚುವ 430 ಸೆಂ.ಮೀ. ಮಾಸ್ಟು (ಹಾಯಿಯ ಕಂಬ), ಒಂದು ಬೂಮು (ಹಾಯಿಯನ್ನು ಹಿಡಿಯುವ ಅಡ್ಡ ಹಿಡಿಕೆ), 5.5 ಮತ್ತು 6.8 ಚದರ ಮೀಟರಿನ ಎರಡು ಹಾಯಿ. ಇವನ್ನು ಬಸ್ಸಿನಲ್ಲಿ ಒಯ್ಯಲು ಆಗುವುದಿಲ್ಲ. ಸ್ನೇಹಿತನೊಬ್ಬನ ಜೊತೆ ಚೋರ್ಲಾ ಘಾಟಿನ ಮೂಲಕ ಹೋಗಿ ಬರಲು ಎರಡು ಲಕ್ಷ ರೂಪಾಯಿಯೊಳಗೆ ಒಂದು ವ್ಯಾನು ಬೇಕು. ಮೂರು ಗಾಡಿ ನೋಡಿದ್ದೇನೆ: ಬೆಳಗಾವಿ ನೋಂದಣಿಯ 2014ರ ಐದು ಆಸನದ ಓಮ್ನಿಗೆ 1.40 ಲಕ್ಷ, ಗೋವಾ ನೋಂದಣಿಯ 2013ರ ಈಕೋಗೆ 1.90 ಲಕ್ಷ, ಹಳದಿ ಬೋರ್ಡಿನ 2012ರ ಟಾಟಾ ಮ್ಯಾಜಿಕ್‌ಗೆ 1.10 ಲಕ್ಷ ಹೇಳುತ್ತಿದ್ದಾರೆ. ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಮ್ಯಾಜಿಕ್ ಅನ್ನು ಈಗಲೇ ಬಿಟ್ಟುಬಿಡಿ. ಅದರ 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿಗೆ ಇರುವ ಶಕ್ತಿ ಸುಮಾರು 16 ಅಶ್ವಶಕ್ತಿ ಮಾತ್ರ. ಊರೊಳಗೆ ಜನರನ್ನು ಸಾಗಿಸಲು ಅದು ಸಾಕಾಗಬಹುದು, ಆದರೆ ಗೋವೆಯಿಂದ ಮರಳುವಾಗ ಘಾಟಿನ ಮೇಲಿರುವ ಕಣಕುಂಬಿಯವರೆಗಿನ ಏರು ನಿಮ್ಮ ತಾಳ್ಮೆಯನ್ನೂ ಹಿಂದೆ ಬರುವವರ ತಾಳ್ಮೆಯನ್ನೂ ಪರೀಕ್ಷಿಸುತ್ತದೆ. ಅದಕ್ಕಿಂತ ದೊಡ್ಡ ತೊಡಕು ಹಳದಿ ಬೋರ್ಡಿನದು. ಬಾಡಿಗೆ ವಾಹನ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಫಿಟ್‌ನೆಸ್ ಪ್ರಮಾಣಪತ್ರ ಬೇಕು, ಅದರ ವಿಮೆ ಬೇರೆ, ಪರ್ಮಿಟ್ಟು ಬೇರೆ. ಬಿಳಿ ಬೋರ್ಡಿಗೆ ಬದಲಾಯಿಸಲು ಆರ್‌ಟಿಓ ಕಚೇರಿಗೆ ಅಲೆಯುವಷ್ಟರಲ್ಲಿ ಅಗ್ಗದ ಗಾಡಿ ಅಗ್ಗವಾಗಿ ಉಳಿದಿರುವುದಿಲ್ಲ.

ಉಳಿದ ಎರಡರಲ್ಲಿ ಯಾವುದು ಎಂದು ಎಂಜಿನ್ ನೋಡಿ ತೀರ್ಮಾನಿಸಬೇಡಿ, ನಿಮ್ಮ ಬೋರ್ಡಿನ ಉದ್ದ ನೋಡಿ ತೀರ್ಮಾನಿಸಿ. ಮಾಸ್ಟ್ ಬಿಚ್ಚಿದರೆ ಒಂದೊಂದು ತುಂಡು 215 ಸೆಂ.ಮೀ. ಆಗುತ್ತದೆ, ಸುತ್ತಿದ ಹಾಯಿಯೂ ಬೂಮೂ ಹೆಚ್ಚುಕಡಿಮೆ ಎರಡು ಮೀಟರಿನ ಒಳಗೇ ಇರುತ್ತವೆ, ಇವೆಲ್ಲ ತೆಳ್ಳಗಿರುವುದರಿಂದ ಎಲ್ಲಿಯಾದರೂ ತೂರಿಕೊಳ್ಳುತ್ತವೆ. ಬಾಗದ, ಮಡಚದ, ಅಗಲವೂ ಇರುವ ವಸ್ತು ಬೋರ್ಡು ಒಂದೇ. ಓಮ್ನಿಯ ಹೊರ ಉದ್ದವೇ 3.37 ಮೀಟರ್, ಈಕೋದ್ದು 3.675 ಮೀಟರ್. ಈ 30 ಸೆಂ.ಮೀ. ವ್ಯತ್ಯಾಸ ಪೂರ್ತಿಯಾಗಿ ಒಳಗಿನ ಜಾಗವಾಗಿ ಸಿಗುವುದಿಲ್ಲ, ಏಕೆಂದರೆ ಈಕೋಗೆ ಮುಂದೆ ಚಿಕ್ಕದೊಂದು ಮೂತಿ ಇದೆ. ಎರಡರಲ್ಲಿಯೂ ಎಂಜಿನ್ ಮುಂದಿನ ಆಸನಗಳ ಕೆಳಗೆ ಇರುವುದರಿಂದ ಅಲ್ಲಿ ನೆಲ ಎತ್ತರವಾಗಿದೆ; ಹಿಂದಿನ ಆಸನವನ್ನು ಮಡಚಿದರೂ ಬೋರ್ಡು ಮಟ್ಟಸವಾಗಿ ಮಲಗದೆ, ಮೂತಿ ಮೇಲೆತ್ತಿಕೊಂಡು ಓರೆಯಾಗಿ ಕೂರುತ್ತದೆ.

ಆದ್ದರಿಂದ ಗಾಡಿ ನೋಡಲು ಹೋಗುವಾಗ 245 ಸೆಂ.ಮೀ.ಗೆ ಕತ್ತರಿಸಿದ ಒಂದು ಬಿದಿರಿನ ಗಳವನ್ನೂ, ಬೋರ್ಡಿನ ಅಗಲಕ್ಕೆ ಕತ್ತರಿಸಿದ ರಟ್ಟಿನ ತುಂಡನ್ನೂ ಜೊತೆಗೆ ಒಯ್ಯಿರಿ. ಹಿಂದಿನ ಬಾಗಿಲಿನಿಂದ ಗಳವನ್ನು ತೂರಿಸಿ, ಬಾಗಿಲು ಪೂರ್ತಿ ಮುಚ್ಚಿ, ಮೂತಿ ಎರಡು ಮುಂದಿನ ಆಸನಗಳ ನಡುವೆ ಬರುತ್ತದೆಯೇ, ಗೇರು ಹಾಕುವ ಕೈಗೆ ಅಡ್ಡ ಬರುತ್ತದೆಯೇ, ಒಳಗಿನ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತದೆಯೇ ಎಂದು ಚಾಲಕನ ಆಸನದಲ್ಲಿ ಕುಳಿತು ನೋಡಿ. ನಡುವೆ ಹಿಡಿಸದಿದ್ದರೆ ಎಡಗಡೆಯ ಆಸನದ ಬೆನ್ನನ್ನು ಒರಗಿಸಿ ಅದರ ಮೇಲೆ ಹಾಯಿಸಬೇಕಾಗುತ್ತದೆ; ಆಗ ನಿಮ್ಮ ಸ್ನೇಹಿತ ಎಲ್ಲಿ ಕೂರುತ್ತಾನೆ ಎಂಬ ಪ್ರಶ್ನೆಗೆ ವ್ಯಾಪಾರಕ್ಕೆ ಮೊದಲೇ ಉತ್ತರ ಬೇಕು. ಬೋರ್ಡನ್ನೇ ಒಯ್ಯಬಹುದಲ್ಲ ಎನ್ನಬಹುದು. ಒಯ್ಯಬೇಡಿ. ಇಂಥ ಸಾಮಾನಿಗಾಗಿ ಈ ಗಾಡಿಯೇ ಬೇಕಾಗಿದೆ ಎಂದು ಮಾರುವವನಿಗೆ ಗೊತ್ತಾದ ಮರುಕ್ಷಣ ಬೆಲೆ ಇಳಿಯುವುದು ನಿಲ್ಲುತ್ತದೆ.

ಜಾಗ ಸಾಲದಿದ್ದರೆ ಆಸನಗಳನ್ನು ಬಿಚ್ಚಿ ಮನೆಯಲ್ಲಿ ಇಟ್ಟರಾಯಿತು ಎಂದು ಏಜೆಂಟರು ಹೇಳುವುದುಂಟು. ಆರ್‌ಸಿಯಲ್ಲಿ ಬರೆದಿರುವ ಆಸನಗಳ ಸಂಖ್ಯೆಯನ್ನು ಒಪ್ಪಿಗೆಯಿಲ್ಲದೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ವಿರುದ್ಧವಾಗುತ್ತದೆ, ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ಒಂದು ನೆಪವೂ ಸಿಗುತ್ತದೆ. ಮಡಚಿಕೊಳ್ಳುವ ಆಸನ ಇರುವ ಗಾಡಿಯನ್ನೇ ನೋಡಿ.

ಈಗ ಗೋವೆಯ ಈಕೋ. ಅದರ 1.2 ಲೀಟರ್ ಎಂಜಿನ್ನಿಗೆ ಓಮ್ನಿಯ ಎರಡರಷ್ಟು ಶಕ್ತಿ ಇದೆ, ಘಾಟಿನಲ್ಲಿ ಅದು ಗೊತ್ತಾಗುತ್ತದೆ, ನಿಮಗೆ ಆಸೆ ಹುಟ್ಟಿರುವುದು ಸಹಜವೇ. ಆದರೆ 1.90 ಲಕ್ಷ ಅದರ ನಿಜವಾದ ಬೆಲೆಯಲ್ಲ. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತಂದು ಬೆಳಗಾವಿಯ ಕೆಎ-22ಕ್ಕೆ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಇಷ್ಟೆಲ್ಲ ಮಾಡಿದ ಮೇಲೂ 2013ರ ಗಾಡಿಯ ಹದಿನೈದು ವರ್ಷದ ನೋಂದಣಿ 2028ಕ್ಕೆ ಮುಗಿದು, ಮತ್ತೆ ತಪಾಸಣೆ, ಮತ್ತೆ ಶುಲ್ಕ. ಇದಲ್ಲದೆ ಕಡಲ ದಂಡೆಯಲ್ಲಿ ಹತ್ತು ಮಳೆಗಾಲ ಕಳೆದ ಗಾಡಿಯ ತಳವನ್ನು ನೋಡದೆ ಅದರ ಬಣ್ಣ ನೋಡಿ ಮರುಳಾಗಬಾರದು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಚಕ್ರದ ಗೂಡಿನ ಅಂಚಿನ ಮೇಲೂ ಬಾಗಿಲುಗಳ ಕೆಳಭಾಗದಲ್ಲೂ ಆಡಿಸಿ. ಅದು ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ಜರುಗುವ ಬಾಗಿಲಿನ ಕೆಳಗಿನ ಕಂಬಿ, ಬ್ಯಾಟರಿ ಕೂರುವ ಜಾಗ, ರಬ್ಬರ್ ಹಾಸಿನ ಅಡಿಯ ನೆಲ, ಈ ಮೂರನ್ನು ಕೈಯಿಂದ ಮುಟ್ಟಿ ನೋಡಿ. ಗ್ಯಾರೇಜಿನ ರ‍್ಯಾಂಪಿನ ಮೇಲೆ ಹತ್ತಿಸಿ, ಮಿಸ್ತ್ರಿಯೊಬ್ಬರಿಂದ ತಳವನ್ನು ಸ್ಕ್ರೂ ಡ್ರೈವರಿನಿಂದ ತಟ್ಟಿಸಿದರೆ, ಎಂಜಿನ್ನಿನ ಶಬ್ದ ಹೇಳುವುದಕ್ಕಿಂತ ಹೆಚ್ಚಿನ ವಿಷಯವನ್ನು ಆ ಶಬ್ದ ಹೇಳುತ್ತದೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಕೊಳೆತ ತಳಕ್ಕೆ ಬೆಸುಗೆ ಹಾಕಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ.

ಹಾಗಾದರೆ ಓಮ್ನಿ. ಗಳ ಹಿಡಿಸಿದರೆ ಅದು ನಿಮ್ಮ ಕೆಲಸಕ್ಕೆ ಬರುತ್ತದೆ. 796 ಸಿಸಿ ಎಂಜಿನ್ನಿಗೆ ಇಬ್ಬರು ಮನುಷ್ಯರೂ ನಿಮ್ಮ ಸಾಮಾನೂ ಹೊರೆಯೇನಲ್ಲ, ಬಿಡಿಭಾಗಗಳು ಬೆಳಗಾವಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ, ಅದರ ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗು) ಯಾವ ಹಳ್ಳಿಯ ಮಿಸ್ತ್ರಿಗೂ ಗೊತ್ತು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮ ಎದುರಿಗೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದು ತಿಳಿಯಿರಿ; ಎಣ್ಣೆ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಲೇಪ ಗಟ್ಟಿಯಾಗಿ ಕಂಡರೆ ನೀರು ಎಣ್ಣೆಯೊಳಗೆ ಸೇರುತ್ತಿರುವ ಸಂಶಯ ಬರಬೇಕು. ಆಮೇಲೆ ಹೆದ್ದಾರಿಯಲ್ಲಿ ವಂಟಮುರಿ ಘಾಟು ಹತ್ತಿಸಿ, ಮೇಲೆ ನಿಲ್ಲಿಸಿದಾಗ ಎಂಜಿನ್ನಿನ ಬಿಸಿಯ ಮುಳ್ಳು ಎಲ್ಲಿದೆ, ಆಸನದ ಕೆಳಗಿನಿಂದ ನೀರು ಕಾದ ವಾಸನೆ ಬರುತ್ತಿದೆಯೇ ಎಂದು ಗಮನಿಸಿ. ಗ್ಯಾಸ್ ಕಿಟ್ ಕೂಡಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಲೇಬೇಕು. ಅಡುಗೆಮನೆಯ ಸಿಲಿಂಡರಿನ ಮೇಲೆ ಓಡಿದ ಗುರುತು ಕಂಡರೆ ಚೌಕಾಶಿಗೂ ನಿಲ್ಲದೆ ಹೊರಟುಬನ್ನಿ.

ಓಮ್ನಿಯ ಬಗ್ಗೆ ಒಂದು ಮಾತನ್ನು ಮುಚ್ಚಿಡಲಾರೆ. ಅದರ ತಯಾರಿಕೆ 2019ರಲ್ಲಿ ನಿಂತದ್ದು ಹೊಸ ಅಪಘಾತ ಸುರಕ್ಷತಾ ನಿಯಮಗಳಿಗೆ ಅದು ಹೊಂದುತ್ತಿರಲಿಲ್ಲವೆಂದು. ಏರ್‌ಬ್ಯಾಗ್ ಇಲ್ಲ, ಮುಂದಿನ ಗಾಜಿಗೂ ನಿಮ್ಮ ಮೊಣಕಾಲಿಗೂ ನಡುವೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎತ್ತರವಾಗಿ, ಹಗುರವಾಗಿ ಇರುವ ಗಾಡಿಯಾದ್ದರಿಂದ ಗೋವೆಯ ಸೇತುವೆಗಳ ಮೇಲೆ ಅಡ್ಡಗಾಳಿ ಅದನ್ನು ತಳ್ಳುತ್ತದೆ. ವಿಂಡ್‌ಸರ್ಫಿಂಗ್‌ಗೆ ಒಳ್ಳೆಯ ದಿನ ಓಮ್ನಿಗೆ ಒಳ್ಳೆಯ ದಿನವಲ್ಲ. ಒಳಗಿನ ಮಾಸ್ಟು ಬೂಮುಗಳನ್ನು ಬೆಲ್ಟಿನಿಂದ ಬಿಗಿಯದಿದ್ದರೆ ಜೋರಾಗಿ ಬ್ರೇಕು ಒತ್ತಿದಾಗ ಅವು ಬರುವುದು ನಿಮ್ಮ ಕುತ್ತಿಗೆಯ ಕಡೆಗೇ.

ಆದ್ದರಿಂದ ನಾನಾಗಿದ್ದರೆ ಎರಡು ತಿಂಗಳು ಕಾಯುತ್ತಿದ್ದೆ. ಹೇಗೂ ಮಳೆಗಾಲದಲ್ಲಿ ಗೋವೆಯ ಕಡಲಿಗೆ ಇಳಿಯುವಂತಿಲ್ಲ, ಚೋರ್ಲಾ ರಸ್ತೆಯೂ ಈಗ ಸುಖದ್ದಲ್ಲ. ಅಷ್ಟರಲ್ಲಿ ನಮ್ಮ ಜಿಲ್ಲೆಯದೇ ನೋಂದಣಿಯ, ಅಂದರೆ ಕೆಎ-22, ಕೆಎ-23 ಅಥವಾ ಕೆಎ-49ರ, ಗ್ಯಾಸ್ ಇಲ್ಲದ, ಐದು ಆಸನದ ಈಕೋ ಒಂದು ಕಣ್ಣಿಗೆ ಬಿದ್ದರೆ, ಎರಡು ಲಕ್ಷದ ಮಿತಿಯನ್ನು ಸ್ವಲ್ಪ ಮೀರಿಯಾದರೂ ಅದನ್ನೇ ಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ಹುಡುಕುವುದರ ಇನ್ನೊಂದು ಲಾಭವೆಂದರೆ, ಸೋರುವ ಗಾಡಿ ತಾನಾಗಿಯೇ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಸಿಗದಿದ್ದರೆ ಅಕ್ಟೋಬರಿನಲ್ಲಿ ಆ ಓಮ್ನಿಗೆ ಮರಳಿ ಹೋಗಿ. ಅಷ್ಟರೊಳಗೆ ಅದು ಮಾರಾಟವಾಗದೆ ಉಳಿದಿದ್ದರೆ 1.40 ಲಕ್ಷ ಕೊಡಬೇಕಾದ ಅಗತ್ಯವೂ ಇಲ್ಲ.

ಕಾಗದಪತ್ರದ ವಿಷಯ ಚಿಕ್ಕದು. ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ಸಂಖ್ಯೆ ಹಾಕಿ ವಿಮೆ, ಸಾಲದ ನಮೂದು, ದಂಡದ ಬಾಕಿ ನೋಡಿ. ಸಾಲ ತೀರಿದ್ದರೂ ನಮೂದು ಹಾಗೆಯೇ ಇದ್ದರೆ ಬ್ಯಾಂಕಿನ ಪತ್ರವೂ ಆ ನಮೂದನ್ನು ತೆಗೆಸುವ ಫಾರಂ 35 ಕೂಡ ಬೇಕು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಬೀಳುವವರೆಗೆ ಪೂರ್ತಿ ಹಣ ಕೊಡಬೇಡಿ, ಕೊಂಡ 14 ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಿ.

ಪ್ರಶ್ನೆ: ನನ್ನ ಬಳಿ ಚಿಕ್ಕ ಆಲ್ಟೋ ಕಾರಿದೆ. ವಿಂಡ್‌ಸರ್ಫಿಂಗ್ ಸಾಮಾನಿಗಾಗಿ ಹಳೆಯ ವ್ಯಾನು ಕೊಳ್ಳಲೇಬೇಕೇ, ಕಾರಿನ ಮೇಲೆಯೇ ಕಟ್ಟಿ ಒಯ್ಯಬಹುದೇ?
– ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ವರ್ಷಕ್ಕೆ ನಾಲ್ಕೈದು ಸಲ ಹೋಗುವವರಿಗೆ ವ್ಯಾನು ದಂಡವೇ ಸರಿ. ಬೋರ್ಡಿನ ತೂಕ ಸಾಮಾನ್ಯವಾಗಿ ಹತ್ತು ಹನ್ನೆರಡು ಕಿಲೋ ಆಸುಪಾಸು, ಉದ್ದ ಎರಡೂವರೆ ಮೀಟರು. ಆಲ್ಟೋ ಅದಕ್ಕಿಂತ ಉದ್ದವಾಗಿರುವುದರಿಂದ ಸರಿಯಾಗಿ ನಡುವೆ ಕಟ್ಟಿದರೆ ಹೊರಗೆ ಚಾಚುವುದಿಲ್ಲ. ಚಾಚಿದರೆ 20,000 ರೂಪಾಯಿ ದಂಡದ ಕಲಮೇ ಇದೆ, ನೆನಪಿರಲಿ. ಮೇಲೆ ಎರಡು ಅಡ್ಡ ಪಟ್ಟಿ ಕೂಡಿಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ತೂಕದ ಮಿತಿಯನ್ನು ಮೀರದೆ, ಫಿನ್ (ಬೋರ್ಡಿನ ತಳದ ರೆಕ್ಕೆ) ಬಿಚ್ಚಿ ಬೋರ್ಡನ್ನು ಬೋರಲು ಮಲಗಿಸಿ, ಅಗಲವಾದ ಬಟ್ಟೆಯ ಬೆಲ್ಟಿನಿಂದ ಬಿಗಿಯಿರಿ. ಲಾರಿಯವರು ಬಳಸುವ ಕಬ್ಬಿಣದ ರ‍್ಯಾಚೆಟ್ ಬೇಡ, ಅದು ಎಷ್ಟು ಬಿಗಿಯಿತು ಎಂಬುದು ಬೋರ್ಡು ಬಿರುಕು ಬಿಟ್ಟ ಮೇಲೆಯೇ ತಿಳಿಯುತ್ತದೆ. ಬೆಲ್ಟಿಗೆ ನಡುವೆ ಒಂದು ತಿರುವು ಕೊಟ್ಟರೆ ದಾರಿಯುದ್ದಕ್ಕೂ ಅದು ಗುಂಯ್‌ಗುಡುವುದು ನಿಲ್ಲುತ್ತದೆ. ಹಾಯಿಗಳನ್ನು ಮಾತ್ರ ಮೇಲೆ ಬಿಡಬೇಡಿ. ಅವುಗಳ ಪಾರದರ್ಶಕ ಹಾಳೆ ಬಿಸಿಲಿಗೆ ಪೆಡಸಾಗಿ ಸೀಳುತ್ತದೆ, ಚೀಲದಲ್ಲಿ ಹಾಕಿ ಒಳಗೆ ಓರೆಯಾಗಿ ಇಡಿ.

ಆಲಮಟ್ಟಿಯ ಹಿನ್ನೀರು ಮನೆಯ ಪಕ್ಕದಲ್ಲೇ ಇರುವಾಗ ಗೋವೆಗೇಕೆ ಎಂಬ ಯೋಚನೆ ನಿಮಗೆ ಬಂದಿರಬಹುದು. ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ ವಶದಲ್ಲಿದೆ, ಒಪ್ಪಿಗೆಯಿಲ್ಲದೆ ಇಳಿಯುವಂತಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದನ್ನು ಬಾಗಲಕೋಟೆಯವರಿಗೆ ನಾನು ಹೇಳಬೇಕಾಗಿಲ್ಲ. ಮುಂದೆಂದಾದರೂ ಒಪ್ಪಿಗೆ ದೊರೆತರೂ ಆ ನಾಲ್ಕು ಹೆಜ್ಜೆಯ ದಾರಿಗೆ ಒಂದು ಟಂಟಂ ಬಾಡಿಗೆ ಹಿಡಿದರೆ ಸಾಕು.

ಪ್ರಶ್ನೆ: ಬೋರ್ಡನ್ನು ನನ್ನ ಓಮ್ನಿಯಲ್ಲಿಯೇ ಇಟ್ಟಿರುತ್ತೇನೆ. ಬೇಸಿಗೆಯ ನಂತರ ಅದರ ಮೇಲ್ಮೈಯಲ್ಲಿ ಅಂಗೈಯಗಲ ಉಬ್ಬು ಬಂದಿದೆ, ವ್ಯಾನಿನ ನೆಲಕ್ಕೂ ತುಕ್ಕು ಹತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ವಿಜಯಪುರ

ಉತ್ತರ: ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವ್ಯಾನಿನ ಒಳಗೆ ಬೋರ್ಡಿನ ಫೋಮಿನಲ್ಲಿರುವ ಗಾಳಿ ಹಿಗ್ಗಿ, ಮೇಲಿನ ಪದರವನ್ನು ಕಿತ್ತಿರುವ ಸಂಭವವೇ ಹೆಚ್ಚು. ಉಬ್ಬನ್ನು ಒತ್ತಿದರೆ ಮೆತ್ತಗೆ ಒಳಹೋಗುವುದಾದರೆ ಪದರ ಬಿಟ್ಟಿದೆ ಎಂದೇ ಅರ್ಥ. ಎಪಾಕ್ಸಿ ತುಂಬಿ, ಭಾರ ಹೇರಿ ಮತ್ತೆ ಅಂಟಿಸಬಲ್ಲವರಿಗೆ ತೋರಿಸಿ. ಬೋರ್ಡಿನ ಮೇಲೆ ಗಾಳಿ ಬಿಡುವ ಚಿಕ್ಕ ಸ್ಕ್ರೂ ಇದ್ದರೆ ಬಿಸಿಲಿನಲ್ಲಿ ಇಡುವಾಗಲೂ ಘಾಟು ಹತ್ತಿ ಇಳಿಯುವಾಗಲೂ ಅದನ್ನು ಸಡಿಲಿಸಬೇಕು, ನೀರಿಗೆ ಇಳಿಯುವ ಮುಂಚೆ ಮರೆಯದೆ ಬಿಗಿಯಬೇಕು. ಮರೆತರೆ ಬೋರ್ಡು ನೀರು ಕುಡಿದು ಭಾರವಾಗುತ್ತದೆ. ಸ್ಕ್ರೂವಿನ ಬದಲು ತಾನಾಗಿ ಗಾಳಿ ಬಿಡುವ ಬಿರಡೆ ಇರುವ ಬೋರ್ಡುಗಳೂ ಇವೆ, ಅವುಗಳನ್ನು ಮುಟ್ಟಬೇಡಿ.

ತುಕ್ಕಿಗೆ ಕಾರಣ ಹಾಯಿಯಿಂದ ಇಳಿದ ಉಪ್ಪುನೀರು. ಎರಡು ಕೊಡ ಸಿಹಿನೀರನ್ನು ಗಾಡಿಯಲ್ಲೇ ಒಯ್ದು, ದಂಡೆಯಲ್ಲಿಯೇ ಎಲ್ಲವನ್ನೂ ತೊಳೆದು ನೀರು ಬಸಿದ ಮೇಲೆ ಒಳಗೆ ಹಾಕಿ. ನೆಲದ ಮೇಲೆ ಅಂಚು ಮೇಲೆತ್ತಿದ ತಾಡಪತ್ರಿ ಹಾಸಿದರೆ ಉಳಿದ ನೀರು ಅದರಲ್ಲೇ ನಿಲ್ಲುತ್ತದೆ. ಈಗ ಹತ್ತಿರುವ ತುಕ್ಕನ್ನು ಉಜ್ಜಿ ತೆಗೆಸಿ ಪ್ರೈಮರ್ ಹಚ್ಚಿಸಿ. ಉಜ್ಜುವಾಗ ತಗಡು ತೂತಾದರೆ ಬೆಸುಗೆಯ ಖರ್ಚು ಎಷ್ಟಾಗುತ್ತದೆ ಎಂದು ಕೇಳಿಕೊಂಡೇ ಮುಂದುವರಿಯಿರಿ.