ಬೀಚಿಗೂ ಹೋದ ಇಂಡಕ್ಷನ್ ಒಲೆ

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಮೈಸೂರಿನ ದಂಪತಿ, ಇಬ್ಬರಿಗೂ ಐವತ್ತರ ಹತ್ತಿರ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಚೀಟಿ ಎತ್ತಿದ ದುಡ್ಡಲ್ಲಿ ಸಮುದ್ರದ ದಡದ ದೊಡ್ಡ ರೆಸಾರ್ಟ್‌ಗೆ ಹೋಗೋದೋ ಬೇಡವೋ ಅಂತ ಶುರುವಾದ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಇಪ್ಪತ್ತು ದಿನ ಆಗಿತ್ತು.

"ಮಲಗೋಕೆ ಅಷ್ಟು ದುಡ್ಡು ಯಾಕೆ ಮೇಡಂ, ಹೋದ ವರ್ಷ ಗೋಕರ್ಣದ ಹೋಂಸ್ಟೇ ಚೆನ್ನಾಗೇ ಇತ್ತಲ್ವಾ" ಅಂದರು ಯಜಮಾನರು. ಆಕೆ ತಟ್ಟನೆ, "ಇವರಿಗೆ ಚೆನ್ನಾಗಿತ್ತು" ಅಂದರು. ಆಮೇಲೆ ಒಂದೊಂದೇ ಹೊರಗೆ ಬಂತು. ಅತ್ತೆ ಹೊರಗಿನ ಊಟ ಮುಟ್ಟೋದಿಲ್ಲ ಅಂತ ಇಂಡಕ್ಷನ್ ಒಲೆ, ಕುಕ್ಕರ್, ಸಾರಿನ ಪುಡಿ, ಅವಲಕ್ಕಿ ಎಲ್ಲ ಮನೆಯಿಂದಲೇ ಹೊತ್ತುಕೊಂಡು ಹೋಗಿದ್ದರಂತೆ. ಮಿಕ್ಕವರು ಓಂ ಬೀಚ್‌ನಲ್ಲಿ ಸೂರ್ಯ ಮುಳುಗೋದು ನೋಡುವಾಗ ಈಕೆ ಬಾತ್‌ರೂಮಿನ ನಲ್ಲಿ ಕೆಳಗೆ ಕುಕ್ಕರ್ ತೊಳೆಯುತ್ತಿದ್ದರು. ಹೇಳುವಾಗ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಲೇ ಇದ್ದರು. ಯಜಮಾನರು ತಲೆ ಎತ್ತಲಿಲ್ಲ. ಅವರಿಗೆ ಇದು ನಿಜವಾಗಿಯೂ ಗೊತ್ತಾಗಿರಲಿಲ್ಲ ಅನಿಸಿತು ನನಗೆ.

ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟೆ. ಅಲ್ಲಿಗೆ ಹೋದ ಎರಡನೇ ದಿನ ಬೆಳಿಗ್ಗೆ ಎಂಟಕ್ಕೆ ಏನು ಮಾಡ್ತಾ ಇರಬೇಕು ಅಂತ ಬರೆಯಿರಿ ಅಂದೆ. ಅವರು "ಅಮ್ಮನ ಜೊತೆ ಮರಳಲ್ಲಿ ವಾಕಿಂಗ್" ಅಂತ ಬರೆದರು. ಆಕೆ ಬರೆದದ್ದು: "ಯಾರೋ ಮಾಡಿಕೊಟ್ಟ ಬಿಸಿ ಕಾಫಿ. ತಿಂಡಿ ಏನು ಅಂತ ಯಾರೂ ಕೇಳಬಾರದು."

ಆ ಹಾಳೆ ಓದಿದ ಮೇಲೆ ರೆಸಾರ್ಟ್ ಬೇಡ ಅನ್ನೋ ಮಾತು ನಿಂತಿತು. ಇನ್ನು ಯಾವುದು, ಎಲ್ಲಿ ಅನ್ನೋದಷ್ಟೇ. ಆಕೆಯ ಆಸೆ ಮಾಲ್ಡೀವ್ಸ್. ಅಲ್ಲಿ ರೂಮಿನ ಬೆಲೆ ಮೇಲೆ 17% ತೆರಿಗೆ, 10% ಸರ್ವೀಸ್ ಚಾರ್ಜ್, ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ ಬೇರೆ, ದೂರದ ದ್ವೀಪಕ್ಕಾದರೆ ನೀರಿನ ಮೇಲೆ ಇಳಿಯೋ ಸೀಪ್ಲೇನ್ ಖರ್ಚು, ಅದೂ ಹಗಲಲ್ಲಿ ಮಾತ್ರ ಹಾರುತ್ತೆ. ನಾನು ಬೇಡ ಅನ್ನಲಿಲ್ಲ. ಆಕೆಯೇ ಕೂಡಿ ನೋಡಿ ದಕ್ಷಿಣ ಗೋವಾ ಸಾಕು ಅಂದರು. ವಾರ್ಕಾ, ಕ್ಯಾವೆಲೊಸ್ಸಿಂ ಕಡೆ ದೊಡ್ಡ ರೆಸಾರ್ಟ್‌ಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ನೀರಿಗಿಳಿಯೋ ಹಾಗಿಲ್ಲ. ಡಿಸೆಂಬರ್ ಕೊನೆಯ ವಾರ ರೇಟು ತೀರಾ ಜಾಸ್ತಿ. ದಸರಾಕ್ಕೆ ಅತ್ತೆ ಗೊಂಬೆ ಬಿಟ್ಟು ಬರೋದಿಲ್ಲ. ಹಾಗಾಗಿ ನವೆಂಬರ್.

ಬುಕ್ ಮಾಡೋ ಮುಂಚೆ ರೆಸಾರ್ಟ್‌ಗೇ ಫೋನ್ ಮಾಡಿ ಅಂದೆ. ಫೋಟೋ ನೋಡಿ ಮರುಳಾಗಬೇಡಿ, ಜಾಗ ದೊಡ್ಡದಾದಷ್ಟೂ ನಡಿಗೆ ಜಾಸ್ತಿ, ಅತ್ತೆಗೆ ಮಂಡಿನೋವು. ಊಟದ ಹಾಲ್‌ಗೆ ಹತ್ತಿರ, ನೆಲಮಹಡಿಯಲ್ಲಿ ರೂಮು ಕೊಡ್ತಾರಾ, ಕರೆದರೆ ರೆಸಾರ್ಟ್ ಒಳಗೆ ಓಡಾಡೋ ಬಗ್ಗಿ ಗಾಡಿ ಬರುತ್ತಾ, ಈರುಳ್ಳಿ ಬೆಳ್ಳುಳ್ಳಿ ಹಾಕದ ಅನ್ನ ಸಾರು ಮಾಡ್ತಾರಾ, ಹೇಳಿದ ರೇಟಿಗೆ ಮೂರು ಹೊತ್ತಿನ ಊಟ ಸೇರಿದೆಯಾ, ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ ಬೀಳೋ 18% ಜಿಎಸ್‌ಟಿ ಸೇರಿದೆಯಾ, ಎಲ್ಲ ಕೇಳಿ. ಈ ಫೋನು ಯಜಮಾನರೇ ಮಾಡಬೇಕು. ಒಲೆ ಈ ಸಲ ಬರೋದಿಲ್ಲ ಅಂತ ಅಮ್ಮನಿಗೆ ಹೇಳೋದೂ ಮಗನ ಕೆಲಸ, ಸೊಸೆಯ ಬಾಯಿಂದ ಬರಬಾರದು. ಇದೊಂದರಲ್ಲಿ ನಾನು ಹಟ ಹಿಡಿದೆ.

ಎರಡು ವಾರ ಬಿಟ್ಟು ಬಂದರು. ನಾಲ್ಕರ ಬದಲು ಮೂರು ರಾತ್ರಿಗೆ ಬುಕ್ ಆಗಿತ್ತು. ಅತ್ತೆ ಏನಂದರು ಅಂತ ಕೇಳಿದೆ. "ಮೊಸರು ಸಿಗುತ್ತಾ ಅಂದರು ಮೇಡಂ, ಅಷ್ಟೇ" ಅಂದರು ಆಕೆ. ಯಜಮಾನರು ಅದಕ್ಕೂ ಒಂದು ಫೋನ್ ಮಾಡಿದ್ದರಂತೆ.